ಬಾಯಿ ಬಿಡದ ರೂಬವ್ವ

ಮಧ್ಯಾಹ್ನದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೆ ಗುರುದೇವಿಗೆ ಅದೇ ಆ ದಿನದ ನಿದ್ದೆ. ವಿಜಯನಗರದಲ್ಲಿ ಕಣ್ಣು ಮುಚ್ಚಿದರೆ ಕೆಂಗೇರಿಯಲ್ಲಿ ತೆರೆಯಬೇಕು. ಒಮ್ಮೊಮ್ಮೆ ತೆರೆಯುತ್ತಿರಲಿಲ್ಲ. ಆಗ ಕಂಡಕ್ಟರ್ ಕೊನೆಯ ಸ್ಟಾಪಿನಲ್ಲಿ ಸೀಟಿನ ಕಂಬಿ ಬಡಿದು, "ಅಕ್ಕಾ, ಬಸ್ಸಿಗೂ ರೆಸ್ಟ್ ಬೇಕು, ಇಳೀರಿ" ಎನ್ನುತ್ತಿದ್ದ. ಅವಳು ಸೆರಗು ಸರಿಮಾಡಿಕೊಂಡು, ಯಾರ ಮೇಲೋ ಸಿಟ್ಟಾದವಳಂತೆ ಇಳಿದು, ಬಂದ ದಾರಿಯಲ್ಲೇ ಒಂದಿಷ್ಟು ದೂರ ವಾಪಸು ನಡೆಯುತ್ತಿದ್ದಳು.

ಅವಳಿಗೆ ಎರಡು ಕೆಲಸ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ವಿಜಯನಗರದಲ್ಲಿ ದ್ಯಾಮಪ್ಪನ ಖಾನಾವಳಿ, ಆಮೇಲೆ ಕತ್ತಲಾಗುವವರೆಗೆ ಸೇತುರಾಮ ಮೇಷ್ಟ್ರ ಕುದುರೆ ಲಾಯ. ಗಂಡ ಬಾಳೇಶ ಅನ್ನಪೂರ್ಣೇಶ್ವರಿ ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಕಾವಲುಗಾರ. ಅವನು ಬಾಗಿಲು ತಟ್ಟುವ ಹೊತ್ತಿಗೆ ಇವಳು ಚಪ್ಪಲಿ ಮೆಟ್ಟಿರುತ್ತಿದ್ದಳು. "ಅನ್ನಾ ಮುಚ್ಚಿಟ್ಟೇನಿ" ಎಂದು ಇವಳು, "ಹ್ಞೂಂ" ಎಂದು ಅವನು. ಅವರ ಸಂಸಾರದ ಮಾತುಕತೆ ಬಹಳ ದಿನಗಳಿಂದ ಅಷ್ಟರಲ್ಲೇ ನಡೆಯುತ್ತಿತ್ತು.

ದ್ಯಾಮಪ್ಪನ ಖಾನಾವಳಿ ಎಂದರೆ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ಬೆನ್ನ ಮೇಲಿನ ಡೆಲಿವರಿ ಚೀಲ ಇಳಿಸಿ ಉಣ್ಣುವ ಜಾಗ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಲೆ, ಶೇಂಗಾ ಹಿಂಡಿ. ತಟ್ಟೆಯ ಅಂಚಿಗೆ ಒಂದು ಚಮಚ ರಂಜಕ. ಕೆಂಪು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಕುಟ್ಟಿ ಮಾಡುವ ಆ ರಂಜಕಕ್ಕಾಗಿಯೇ ಹುಡುಗರು ರಾಜಾಜಿನಗರದಿಂದ ಬರುತ್ತಿದ್ದರು. ಮಿಕ್ಸಿಯಲ್ಲಿ ಆಡಿಸಿದರೆ ಅವರ ನಾಲಿಗೆಗೆ ಗೊತ್ತಾಗಿಬಿಡುತ್ತದೆ ಎಂದು ದ್ಯಾಮಪ್ಪನ ನಂಬಿಕೆ. ಹಾಗಾಗಿ ಒರಳಲ್ಲಿ ಕುಟ್ಟಿ, ಕೈಯಲ್ಲೇ ಕಲಸಬೇಕು. ಅದು ಗುರುದೇವಿಯ ಕೆಲಸ. ಮೊದಮೊದಲು ಅಂಗೈ ಉರಿದು, ತಣ್ಣೀರಿನ ತಂಬಿಗೆಯನ್ನು ಅಪ್ಪಿಕೊಂಡು ಮಲಗುತ್ತಿದ್ದಳು. ಆಮೇಲಾಮೇಲೆ ಉರಿ ಗೊತ್ತಾಗುವುದೇ ನಿಂತುಹೋಯಿತು. ಹಾಗೆ ನೋಡಿದರೆ ಅದು ಖಾನಾವಳಿಯಲ್ಲಿ ಹಗುರ ಕೆಲಸ. ಅದಕ್ಕೂ ಮುಂಚೆ ಅವಳು ವರ್ಷಗಟ್ಟಲೆ ರೊಟ್ಟಿ ಬಡಿದವಳು. ಭುಜ ಎರಡೂ ಕೀಲು ಕಳಚಿದ ಬಾಗಿಲಿನಂತೆ ಆದಮೇಲೆ, ಹೊಸದಾಗಿ ಬಂದ ಹನುಮವ್ವನಿಗೆ ರೊಟ್ಟಿಯ ಹಿಟ್ಟು ನಾದುವ ಕೊಣಮಿಗೆ ಬಿಟ್ಟುಕೊಟ್ಟು, ಒರಳಿನ ಮುಂದೆ ಕೂರುವ ಹಕ್ಕು ಗಳಿಸಿಕೊಂಡಿದ್ದಳು.

ಲಾಯದ ಕೆಲಸ ಸಿಕ್ಕಿದ್ದು ಅಕಸ್ಮಾತ್ತಾಗಿ. ಸೇತುರಾಮ ಮೇಷ್ಟ್ರು ಬಸವೇಶ್ವರನಗರದ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರರಾಗಿ ನಿವೃತ್ತರಾದವರು. ಕೆಂಗೇರಿ ಉಪನಗರದ ಆಚೆ, ನೈಸ್ ರಸ್ತೆಯ ಸದ್ದು ಕೇಳುವಷ್ಟು ಹತ್ತಿರ, ಅವರ ತಂದೆಯ ಕಾಲದ ಒಂದು ತುಂಡು ಜಮೀನಿತ್ತು. ಅಲ್ಲಿ ಎರಡು ಮುದಿ ಕುದುರೆ ಕಟ್ಟಿಕೊಂಡು, ಭಾನುವಾರ ಬೆಳಿಗ್ಗೆ ಬಡಾವಣೆಯ ಮಕ್ಕಳಿಗೆ ಸವಾರಿ ಕಲಿಸುತ್ತಿದ್ದರು. ಲದ್ದಿ ಬಳಿಯಲು ಬಂದ ಗುರುದೇವಿ, ಹೇಳದೆ ಕೇಳದೆ ಒಂದು ಕುದುರೆಯ ಹಿಂಗಾಲೆತ್ತಿ ಗೊರಸಿಗೆ ಸಿಕ್ಕಿದ್ದ ಕಲ್ಲು ತೆಗೆದದ್ದನ್ನು ಅವರು ನೋಡಿದರು.

"ಎಲ್ಲಮ್ಮಾ ಕಲಿತೆ ಇದನ್ನ?"

"ನಮ್ಮಪ್ಪ ಜಮಖಂಡ್ಯಾಗ ಟಾಂಗಾ ಹೊಡೀತಿದ್ನ್ರಿ ಸರ್. ಮನ್ಯಾಗ ನಮಗಿಂತ ಮೊದಲ ಕುದುರಿ ಉಣತಿತ್ರಿ."

ಅವತ್ತಿನಿಂದ ಲದ್ದಿಯ ಜೊತೆಗೆ ಕುದುರೆಗಳೂ ಅವಳವೇ ಆದವು.

ಹೊಸ ಹೆಣ್ಣುಕುದುರೆ ಬಂದದ್ದು ಈಚೆಗೆ, ಚಳಿ ಶುರುವಾಗುವ ಹೊತ್ತಿಗೆ. ಎಳೆಯದು, ಕಂದು ಬಣ್ಣ, ಹಣೆಯ ಮೇಲೆ ವಿಭೂತಿ ಎಳೆದಂತೆ ಬಿಳಿ ಗೆರೆ. ಓಟಕ್ಕೆಂದು ಸಾಕಿದವರು ಇದು ಓಡುವ ಜಾತಿಯಲ್ಲ ಎಂದು ಕೈಬಿಟ್ಟಿದ್ದರು. ಬೆನ್ನ ಮೇಲೆ ಜೀನು ಬಿದ್ದದ್ದಿಲ್ಲ, ಬಾಯಿ ಕಡಿವಾಣ ಕಂಡದ್ದಿಲ್ಲ. ಮುಖಕ್ಕೊಂದು ಹಗ್ಗ ಹಾಕಿಕೊಂಡು ಬಂದಿತ್ತು, ಅಷ್ಟೇ. ಕಾಗದದಲ್ಲಿ ಅದರ ಹೆಸರು ರೂಬಿ. ಗುರುದೇವಿಯ ಬಾಯಲ್ಲಿ ಅದು ಮೊದಲ ದಿನವೇ ರೂಬವ್ವ ಆಯಿತು.

ಜೀನಿನ ಪಾಠ ಸಲೀಸಾಗಿಯೇ ನಡೆಯಿತು. ಅವಸರ ಮಾಡುವ ಶಕ್ತಿ ಗುರುದೇವಿಗೆ ಇರಲಿಲ್ಲ; ಅದೇ ಒಳ್ಳೆಯದಾಯಿತು. ಮೊದಲು ಖಾಲಿ ಗೋಣಿಚೀಲ. ಅದನ್ನು ಮೂಸಿಸಿ, ಕತ್ತಿಗೆ ಒರೆಸಿ, ಬೆನ್ನ ಮೇಲೆ ಹಾಕಿ, ಅದು ಹೆದರುವ ಮುಂಚೆಯೇ ತೆಗೆದುಬಿಡುವುದು. ಆಮೇಲೆ ಮಡಿಸಿದ ಕಂಬಳಿ. ಅದಾದ ಮೇಲೆ ಜೀನು, ಅದೂ ಕಾಲಿಡುವ ರಿಕಾಪುಗಳನ್ನು ಬಿಚ್ಚಿಟ್ಟು, ಪಕ್ಕೆಗೆ ಬಡಿಯದಂತೆ. ಹೊಟ್ಟೆಪಟ್ಟಿಯನ್ನು ಒಂದೇ ಸಲಕ್ಕೆ ಬಿಗಿಯುತ್ತಿರಲಿಲ್ಲ. ಒಂದು ತೂತು ಬಿಗಿದು, ಲಾಯದ ಸುತ್ತ ನಡೆಸಿಕೊಂಡು ಬಂದು, ಅದು ಉಸಿರು ಬಿಟ್ಟಮೇಲೆ ಇನ್ನೊಂದು ತೂತು. ನಡೆಸುವಾಗ ಅವಳೂ ಆಕಳಿಸುತ್ತಿದ್ದಳು, ಕುದುರೆಯೂ ಆಕಳಿಸುತ್ತಿತ್ತು.

"ಕುದುರೆ ಪಳಗಿಸ್ತಾ ಇದೀಯೋ, ಇಬ್ಬರೂ ಸೇರಿ ನಿದ್ದೆ ಮಾಡ್ತಾ ಇದೀರೋ?" ಎಂದು ಮೇಷ್ಟ್ರು ನಗುತ್ತಿದ್ದರು.

"ನಿದ್ದಿ ಬಂತಂದ್ರ ಅಂಜಿಕಿ ಹೋತಂತ ತಿಳಕೋರಿ ಸರ್."

ತಕರಾರು ಶುರುವಾದದ್ದು ಕಡಿವಾಣಕ್ಕೆ ಬಂದಾಗ.

ಅಪ್ಪ ಮಾಡುತ್ತಿದ್ದಂತೆಯೇ ಅವಳೂ ಮಾಡಿದಳು. ಚಳಿಗೆ ತಣ್ಣಗಿರುವ ಕಬ್ಬಿಣ ಬಾಯಿಗೆ ತಾಗಿದರೆ ಯಾವ ಕುದುರೆಗೂ ಸೇರುವುದಿಲ್ಲ. ಹಾಗಾಗಿ ಅದನ್ನು ಎರಡೂ ಅಂಗೈ ನಡುವೆ ಉಜ್ಜಿ ಉಜ್ಜಿ ಬೆಚ್ಚಗೆ ಮಾಡಿದಳು. ಬೆಲ್ಲ ನಾದಿ ಅದಕ್ಕೆ ಸವರಿದಳು. ತುಟಿಯ ಮೂಲೆಯಲ್ಲಿ, ಹಲ್ಲಿಲ್ಲದ ಜಾಗದಲ್ಲಿ, ಹೆಬ್ಬೆರಳನ್ನು ಮೆಲ್ಲಗೆ ತೂರಿಸಿ ಬಾಯಿ ತೆರೆಸಿದಳು. ರೂಬವ್ವ ಮೊದಲ ದಿನ ಬಾಯಿ ಬಿಟ್ಟಿತು. ಬೆಲ್ಲ ನೆಕ್ಕಿತು. ಮರುಗಳಿಗೆಯಲ್ಲೇ ತಲೆಯನ್ನು ಸೂರಿಗೆ ಎತ್ತಿ, ತುಟಿ ಮೇಲೆಳೆದು, ಹಿಂದೆ ಹಿಂದೆ ಸರಿದು ಗೋಡೆಗೆ ಡಿಕ್ಕಿ ಹೊಡೆಯಿತು.

"ಯಾಕವ್ವಾ, ಏನಾತ? ಬೆಲ್ಲ ಐತಲ್ಲ ಅದು!"

ಮರುದಿನ ಇನ್ನಷ್ಟು ಬೆಲ್ಲ ಹಚ್ಚಿದಳು, ಇನ್ನಷ್ಟು ಹೊತ್ತು ಕಬ್ಬಿಣ ಉಜ್ಜಿದಳು, ಇನ್ನಷ್ಟು ನಿಧಾನವಾಗಿ ಹೆಬ್ಬೆರಳಿಟ್ಟಳು. ಕುದುರೆ ಇನ್ನಷ್ಟು ಜೋರಾಗಿ ತಲೆ ಎಸೆಯಿತು. ಬರುಬರುತ್ತಾ ಅವಳ ಕೈ ಮುಖದತ್ತ ಬಂದರೆ ಸಾಕು, ಹಲ್ಲು ಕಚ್ಚಿ ಕತ್ತನ್ನು ಕಂಬದಂತೆ ನೆಟ್ಟಗೆ ಮಾಡುತ್ತಿತ್ತು. ಬೆನ್ನಿಗೆ ಜೀನು ಹಾಕಿಸಿಕೊಳ್ಳುವಾಗ ಅದೇ ಕುದುರೆ ಕಣ್ಣು ಅರೆಮುಚ್ಚಿ ನಿಲ್ಲುತ್ತಿತ್ತು. ಒಂದೇ ಮೈಯಲ್ಲಿ ಎರಡು ಕುದುರೆ ಇದ್ದ ಹಾಗೆ.

ಪಶುವೈದ್ಯರು ಬಂದು, ಇಬ್ಬರು ಹಿಡಿದು ನಿಲ್ಲಿಸಿದ ಮೇಲೆ ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಿದರು. ಹಲ್ಲು ಚೆನ್ನಾಗಿದೆ, ಹುಣ್ಣಿಲ್ಲ, ಗಾಯವಿಲ್ಲ ಎಂದರು. ಮೇಷ್ಟ್ರು ತಾವೇ ಒಮ್ಮೆ ಪ್ರಯತ್ನಿಸಿದರು. ಅಷ್ಟು ಹೊತ್ತಿಗೆ ಅದಕ್ಕೆ ಯಾರ ಕೈಯೂ ಬೇಡವಾಗಿತ್ತು. ಎಸೆದ ತಲೆ ಅವರ ಗದ್ದಕ್ಕೆ ಬಡಿದು ಕನ್ನಡಕ ಹುಲ್ಲಿನಲ್ಲಿ ಬಿತ್ತು.

"ನನ್ನ ವಯಸ್ಸಿಗೆ ಇದೆಲ್ಲ ಆಗಲ್ಲಮ್ಮ" ಎಂದು ಅವರು ಕನ್ನಡಕ ಹುಡುಕುತ್ತಾ ಹೇಳಿದರು. "ಆ ಎರಡು ಮುದುಕರಿಗೆ ಹುರುಳಿ ಹಾಕೋದೇ ಸಾಕಾಗಿದೆ. ಕೆಲಸ ಮಾಡದ ಮೂರನೇದನ್ನ ಎಲ್ಲಿಂದ ಸಾಕಲಿ? ಚನ್ನಮಲ್ಲಪ್ಪ ಕೇಳ್ತಾ ಇದಾನೆ."

ಚನ್ನಮಲ್ಲಪ್ಪ ಮದುವೆ ಮೆರವಣಿಗೆಗೆ ಕುದುರೆ ಒದಗಿಸುವವನು, ಮಾಗಡಿ ರಸ್ತೆಯವನು. ಕೆಟ್ಟವನಲ್ಲ. ಹೊಟ್ಟೆ ತುಂಬ ಮೇವು ಹಾಕುತ್ತಿದ್ದ. ಆದರೆ ಬ್ಯಾಂಡ್‌ಸೆಟ್ಟು, ಪಟಾಕಿ, ಲೈಟಿನ ನಡುವೆ ಕುದುರೆ ಅಲ್ಲಾಡದೆ ನಿಲ್ಲಬೇಕು. ಅದಕ್ಕಾಗಿ ಅವನು ಬಳಸುತ್ತಿದ್ದದ್ದು ಮುಳ್ಳಿನ ಕಡಿವಾಣ. ಲಗಾಮು ಎಳೆದಷ್ಟೂ ನಾಲಿಗೆಗೆ ಚುಚ್ಚುವಂಥದ್ದು. ಆ ಕಡಿವಾಣ ಕಚ್ಚಿದ ಕುದುರೆಗಳ ಬಾಯಿಂದ ಕೆಂಪು ನೊರೆ ಇಳಿಯುವುದನ್ನು ಗುರುದೇವಿ ನೋಡಿದ್ದಳು.

"ಇನ್ನೊಂದ್ ಸ್ವಲ್ಪ ದಿವ್ಸ ತಡೀರಿ ಸರ್."

"ತಡೀದೆ ಇನ್ನೇನು ಮಾಡ್ತಾ ಇದೀನಿ ಇಷ್ಟು ದಿನ?"

ಆ ವಾರವೇ ದ್ಯಾಮಪ್ಪ ಊರಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆಂದು ಖಾನಾವಳಿಗೆ ಬೀಗ ಹಾಕಿ ಹೋದ. ಗುರುದೇವಿಗೆ ಹಬ್ಬ. ಬಿಸಿಲೇರುವವರೆಗೆ ಮಲಗಿದಳು. ರಾಶಿ ಬಟ್ಟೆ ಒಗೆದಳು. ಮೈಗೆಲ್ಲ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಎರಡು ಹಂಡೆ ನೀರು ಸುರಿದುಕೊಂಡಳು. ಬಾಳೇಶ ಎದ್ದು ಕೂತು, "ನೀ ಮನ್ಯಾಗಿದ್ರ ಯಾರೋ ಬೀಗರು ಬಂದಂಗ ಆಗತೈತಿ" ಎಂದ.

ಸಂಜೆ ಲಾಯಕ್ಕೆ ಹೋದಾಗ ರೂಬವ್ವ ಎಂದಿನಂತೆ ಹಲ್ಲು ಕಚ್ಚಿತು. ಅವಳು ಒತ್ತಾಯ ಮಾಡಲಿಲ್ಲ. ಬೆಲ್ಲ ಮಾತ್ರ ನೆಕ್ಕಿಸಿ ಬಂದಳು. ಮರುದಿನ ಹೆಬ್ಬೆರಳಿಡಲು ಬಿಟ್ಟಿತು. ಅದರ ಮರುದಿನ, ಸೋಮವಾರ, ಕಬ್ಬಿಣ ಹಲ್ಲಿಗೆ ತಾಗದಂತೆ ಒಳಗೆ ಜಾರಿತು. ರೂಬವ್ವ ಕಿವಿ ನಿಮಿರಿಸಿತು, ನಾಲಿಗೆಯಿಂದ ಅದನ್ನು ಅತ್ತಿತ್ತ ಹೊರಳಿಸಿತು, ತಾಂಬೂಲ ಹಾಕಿಕೊಂಡ ಅಜ್ಜಿಯ ಹಾಗೆ ಮೆಲುಕು ಹಾಕುತ್ತಾ ನಿಂತಿತು.

"ಸರ್! ಸರ್, ಬರ್ರಿ ಇಲ್ಲೆ! ಮೆಲ್ಲಕ ಬರ್ರಿ!"

ಮೇಷ್ಟ್ರು ಹೊಸಿಲಲ್ಲೇ ನಿಂತು ನೋಡಿದರು. "ಇದ್ದಕ್ಕಿದ್ದ ಹಾಗೆ ಏನಾಯ್ತು ಇದಕ್ಕೆ?"

"ಸ್ವಾಮಾರಲ್ರಿ. ಶಿವನ ವಾರ" ಎಂದಳು ಗುರುದೇವಿ. ಅವಳಿಗೂ ಬೇರೆ ಕಾರಣ ಹೊಳೆದಿರಲಿಲ್ಲ.

ಮೇಷ್ಟ್ರು ಉತ್ಸಾಹದಲ್ಲಿ ಮಕ್ಕಳ ತಂದೆ ತಾಯಿಗಳಿಗೆಲ್ಲ ಫೋನು ಮಾಡಿ, ಹೊಸ ಕುದುರೆ ತಯಾರಾಗಿದೆ, ಗುರುವಾರ ಬಂದು ನೋಡಿ ಎಂದುಬಿಟ್ಟರು.

ಮಂಗಳವಾರ ಒಂದು ಮುದಿ ಕುದುರೆಗೆ ಹೊಟ್ಟೆನೋವು ಬಂದು ಅದರ ಆರೈಕೆಯಲ್ಲೇ ಆ ಸಂಜೆಯೂ ಮರುದಿನದ ಸಂಜೆಯೂ ಕಳೆದವು. ಬುಧವಾರ ಖಾನಾವಳಿ ತೆರೆಯಿತು. ರಂಜಕವಿಲ್ಲದೆ ಬಾಯಿ ಸಪ್ಪೆಯಾಗಿದ್ದ ಹುಡುಗರು ಎರಡೆರಡು ಚಮಚ ಹಾಕಿಸಿಕೊಂಡರು. ಬುಧವಾರ, ಗುರುವಾರ ಎರಡು ದಿನವೂ ಗುರುದೇವಿ ಹೊತ್ತೇರುವವರೆಗೆ ಕುಟ್ಟಿದಳು, ಮೊಣಕೈವರೆಗೆ ಕೆಂಪಾಗುವಂತೆ ಕಲಸಿದಳು, ಕೈತೊಳೆದು ಬಸ್ಸು ಹತ್ತಿ ನಿದ್ದೆ ಹೋದಳು.

ಗುರುವಾರ ನೋಡಲು ಬಂದದ್ದು ಜಲಜಾ ಎಂಬ ತಾಯಿ, ಎರಡು ಮಕ್ಕಳನ್ನು ಕರೆದುಕೊಂಡು. ಗುರುದೇವಿ ಜೀನು ಬಿಗಿದಳು. ಕುದುರೆ ದೇವರಂತೆ ನಿಂತಿತ್ತು. ಕಬ್ಬಿಣ ಉಜ್ಜಿ ಬೆಚ್ಚಗೆ ಮಾಡಿದಳು, ಬೆಲ್ಲ ಸವರಿದಳು. ರೂಬವ್ವ ನಂಬಿಕೆಯಿಂದ ಬಾಯಿ ತೆರೆಯಿತು. ಕಬ್ಬಿಣ ಒಳಗೆ ಹೋಯಿತು. ಅವಳು ಕಿವಿಯ ಹಿಂದೆ ಪಟ್ಟಿ ಏರಿಸುವಷ್ಟರಲ್ಲಿ ಕುದುರೆ ಮುಂಗಾಲೆತ್ತಿ ಎದ್ದು, ಪಟ್ಟಿ ಹರಿದು, ಅಂಗಳದ ತುಂಬ ತಲೆ ಕೊಡವುತ್ತಾ ಓಡಿತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಜಲಜಾ ಮಕ್ಕಳನ್ನು ಎಳೆದುಕೊಂಡು ಕಾರಿನೊಳಗೆ ಹಾಕಿ ಬಾಗಿಲು ಮುಚ್ಚಿದರು.

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಭಾನುವಾರ ಮಧ್ಯಾಹ್ನ ಟೆಂಪೋ ತಗೊಂಡು ಬಾ ಅಂತ ಚನ್ನಮಲ್ಲಪ್ಪಂಗೆ ಹೇಳ್ತೀನಿ" ಎಂದರು, ಅವಳ ಮುಖ ನೋಡದೆ.

ಗುರುದೇವಿ ಅಂಗಳದ ಮೂಲೆಯಲ್ಲಿ ನಿಂತಿದ್ದ ಕುದುರೆಯ ಹತ್ತಿರ ಹೋದಳು. ಅದು ಬೆನ್ನು ತಿರುಗಿಸಿತು. "ಸೋಮವಾರ ಹಾಕ್ಕೊಂಡೆಲ್ಲವ್ವಾ, ಇವತ್ತೇನಾತ ನಿನಗ?" ಎಂದಳು. ಮೈಯಲ್ಲಿ ಜೀವವಿರಲಿಲ್ಲ. ಹೋದರೆ ಹೋಗಲಿ, ಒಂದು ಕುದುರೆಯ ಲದ್ದಿಯಾದರೂ ಕಡಿಮೆಯಾಗುತ್ತದೆ ಎಂದು ಒಂದು ಗಳಿಗೆ ಅನ್ನಿಸಿದ್ದೂ ಸುಳ್ಳಲ್ಲ. ಆಮೇಲೆ ಆ ಮುಳ್ಳಿನ ಕಬ್ಬಿಣ ಕಣ್ಣಮುಂದೆ ಬಂದು, ಬಸ್ಸಿನಲ್ಲಿ ಅವತ್ತು ನಿದ್ದೆಯೂ ಹತ್ತಲಿಲ್ಲ.

ಶುಕ್ರವಾರ ಮೇಷ್ಟ್ರು ಅಟ್ಟದಿಂದ ಒಣಹುಲ್ಲಿನ ಹೊರೆ ಎಳೆಯುತ್ತಿದ್ದರು. ಧೂಳೆದ್ದು ಕಣ್ಣಿಗೆ ಹೊಟ್ಟು ಬಿತ್ತು.

"ಗುರುದೇವಿ, ಬಾಮ್ಮ ಇಲ್ಲಿ, ಕಣ್ಣಿಗೇನೋ ಬಿದ್ದಿದೆ ನೋಡು. ಉಜ್ಜಿದಷ್ಟೂ ಚುಚ್ಚುತ್ತೆ."

ಅವಳು ಅವರನ್ನು ಬಕೆಟ್ಟಿನ ಮೇಲೆ ಕೂರಿಸಿ, ಬೆಳಕಿಗೆ ಮುಖ ತಿರುಗಿಸಿ, ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆದು, ಕಸ ಮೂಲೆಗೆ ಬರುವಂತೆ ಮೆಲ್ಲಗೆ ಒರೆಸಿದಳು. ಕಸ ಬಂತು.

"ಬಂತ್ರಿ ಸರ್, ನೋಡ್ರಿ, ಇಷ್ಟ..."

"ಅಯ್ಯಯ್ಯಯ್ಯೋ! ಏನೇ ಹಾಕ್ದೆ ಕಣ್ಣಿಗೆ? ಅಯ್ಯೋ, ಉರಿಯಮ್ಮಾ!"

ಮೇಷ್ಟ್ರು ಬಕೆಟ್ ಸಮೇತ ಹಿಂದಕ್ಕೆ ಬಿದ್ದು, ಎದ್ದು, ತಲೆ ಮೇಲೆತ್ತಿ, ತುಟಿ ಬಿಗಿದು, ಹಿಂದೆ ಹಿಂದೆ ಸರಿದು ಗೋಡೆಗೆ ತಾಗಿದರು. ಆಮೇಲೆ ಕುರುಡರಂತೆ ಕೈಚಾಚಿ ಓಡಿ, ಕುದುರೆಗಳು ಕುಡಿಯುವ ತೊಟ್ಟಿಯಲ್ಲಿ ಮುಖ ಅದ್ದಿದರು. ಅವರ ಪಕ್ಕದಲ್ಲೇ ನೀರು ಕುಡಿಯುತ್ತಿದ್ದ ಮುದಿ ಕುದುರೆ ಅವರನ್ನು ನೋಡಿ, ಜಾಗ ಬಿಟ್ಟುಕೊಟ್ಟಿತು.

ಗುರುದೇವಿ ನಿಂತಲ್ಲೇ ನಿಂತಿದ್ದಳು. ತಲೆ ಮೇಲೆತ್ತಿದ್ದು, ತುಟಿ ಎಳೆದದ್ದು, ಗೋಡೆಗೆ ತಾಗಿದ್ದು. ಇದನ್ನು ಅವಳು ಎಷ್ಟೋ ದಿನಗಳಿಂದ ನೋಡುತ್ತಿದ್ದಳು. ಅಂಗೈಯನ್ನು ಮೂಗಿನ ಹತ್ತಿರ ತಂದಳು. ಅವಳಿಗೆ ಏನೂ ವಾಸನೆ ಬರಲಿಲ್ಲ. ದಿನವೂ ಖಾರ ಕಲಸಿ ಕಲಸಿ, ಬರುವ ಕಾಲ ಮುಗಿದುಹೋಗಿತ್ತು.

ಕಬ್ಬಿಣ ಬೆಚ್ಚಗಾಗಲೆಂದು ಉಜ್ಜಿದ್ದು ಈ ಕೈ. ಬೆಲ್ಲ ನಾದಿದ್ದು ಈ ಕೈ. ನೋವಾಗಬಾರದೆಂದು ಹೆಬ್ಬೆರಳನ್ನು ಬಾಯಲ್ಲಿ ಅಷ್ಟು ಹೊತ್ತು ಇಟ್ಟದ್ದೂ ಇದೇ. ಎಷ್ಟು ಮುದ್ದು ಮಾಡಿದಳೋ ಅಷ್ಟು ಉರಿ ಹಚ್ಚಿದ್ದಳು.

"ಸರ್, ರೂಬವ್ವಂದು ತಪ್ಪಿಲ್ರಿ" ಎಂದಳು, ತೊಟ್ಟಿಯ ಬಳಿ ಹೋಗಿ. "ನನ್ನ ಕೈರಿ. ರಂಜಕದ ಕೈ. ಖಾನಾವಳಿ ಬಂದ್ ಇದ್ದಾಗ ಬಾಯಿ ಬಿಟ್ಟಿತು. ಶುರುವಾದಕೂಡ್ಲೆ ಮುಚ್ಚಿತು. ಶಿವನ ವಾರ ಅಂದೆ, ಕತ್ತೀಗಿಂತ ಕಡೆ ನಾನು."

ಮೇಷ್ಟ್ರು ಒಂದು ಕಣ್ಣು ಮುಚ್ಚಿಕೊಂಡು, ನೀರಿಳಿಯುವ ಮುಖದಲ್ಲಿ ಅವಳನ್ನು ನೋಡಿದರು. ಮೊದಲು ನಗು ಬಂತು. ಆಮೇಲೆ ಆ ನಗು ನಿಂತಿತು. "ಹಾಗಾದ್ರೆ ಅಲ್ಲಿ ಕೆಲಸ ಬಿಡ್ತೀಯಾ?"

"ಬಿಟ್ರ ಹೊಟ್ಟಿಗೇನ್ರಿ?"

ಮೇಷ್ಟ್ರು ಇನ್ನೊಂದು ಬೊಗಸೆ ನೀರು ಕಣ್ಣಿಗೆ ಎರಚಿಕೊಂಡರು.

"ಗ್ಲೌಸು ಹಾಕ್ಕೊಂಡು ಕುಟ್ಟು."

"ಹಾಕಿ ನೋಡೇನ್ರಿ. ಒನಕಿ ಜಾರತೈತಿ. ಖಾರ ಒಳಗ ಇಳದು ಮತ್ತೂ ಕುದೀತೈತಿ."

"ಚನ್ನಮಲ್ಲಪ್ಪಂಗೆ ಬಾ ಅಂದಾಗಿದೆ, ಮಾತು ತಪ್ಪಕ್ಕಾಗಲ್ಲ. ಒಂದು ಕೆಲಸ ಮಾಡು. ಭಾನುವಾರ ಅವನ ಎದುರಿಗೇ ಹಾಕು. ಹಾಕಿಸ್ಕೊಂಡ್ರೆ ಇಲ್ಲೇ ಇರುತ್ತೆ. ಇಲ್ಲಾಂದ್ರೆ ನನ್ನ ಏನೂ ಕೇಳ್ಬೇಡ."

ಶನಿವಾರ ನಸುಕಿನಲ್ಲೇ ಅವಳು ಹನುಮವ್ವನ ಪಕ್ಕ ಹೋಗಿ ನಿಂತಳು. ಹನುಮವ್ವ ಹಿಟ್ಟು ನಾದುತ್ತಿದ್ದಳು.

"ಏಳ್ ಹನುಮವ್ವಾ. ನೀ ಒರಳಿಗೆ ಕುಂದರ. ರೊಟ್ಟಿ ನಾ ಬಡೀತೇನಿ."

"ಯಾಕ ಯಕ್ಕಾ? ದ್ಯಾಮಪ್ಪಣ್ಣ ಏನರೆ ಅಂದ್ನೇನು?"

"ಯಾರೂ ಏನೂ ಅಂದಿಲ್ಲ. ಕುದುರಿಗೆ ನನ್ನ ಖಾರದ ಕೈ ಆಗಿಬರವಲ್ದು."

ಹನುಮವ್ವ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನಿನ್ನ ತೆಲಿ ನೆಟ್ಟಗೈತಿಲ್ಲೋ? ಭುಜ ಸತ್ತಾವಂತ ಅಳಕೋತ ಬಿಟ್ಟ ಕೆಲಸ ಇದು. ಗಂಡಗ ಬ್ಯಾನಿ ಬಂದ್ರ ಇಷ್ಟು ಮಾಡ್ತಿದ್ದೇನು?"

"ಗಂಡ ತನ್ನ ಬಾಯಾಗ ತಾನ ಹಾಕ್ಕೋತಾನ ಬಿಡು."

ಹನುಮವ್ವ ನಕ್ಕಳು, ಆದರೆ ಬೇಗ ಎದ್ದಳು. ಇವಳ ಮನಸ್ಸು ಬದಲಾದೀತೆಂಬ ಹೆದರಿಕೆ ಅವಳಿಗೂ ಇತ್ತು. ದ್ಯಾಮಪ್ಪ ಗಲ್ಲಾಪೆಟ್ಟಿಗೆಯಿಂದಲೇ, "ಯಾರರೆ ಬಡೀರಿ, ರೊಟ್ಟಿ ಹರೀಬಾರ್ದು, ಅಷ್ಟ" ಎಂದ.

ಮಧ್ಯಾಹ್ನದ ಹೊತ್ತಿಗೆ ಗುರುದೇವಿಯ ಬಲಗೈ ತಟ್ಟೆ ಎತ್ತುವ ಸ್ಥಿತಿಯಲ್ಲಿರಲಿಲ್ಲ. ಹಳೆಯ ನೋವು ಎಲ್ಲಿಗೂ ಹೋಗಿರಲಿಲ್ಲ, ಜಾಗ ಹಿಡಿದು ಕೂತಿತ್ತು. ಒರಳಿನ ಮುಂದೆ ಹನುಮವ್ವ ಅಂಗೈಗೆ ಉಸಿರು ಊದಿಕೊಳ್ಳುತ್ತಾ, "ಯವ್ವಾ, ಉರೀತೈತಿ ಯಕ್ಕಾ, ಬೆಂಕಿ ಹಿಡದಂಗ ಆಗೈತಿ" ಎನ್ನುತ್ತಿದ್ದಳು.

ಲಾಯಕ್ಕೆ ಹೋದರೂ ಅವತ್ತು ಕುದುರೆಯ ಮುಖ ಮುಟ್ಟಲಿಲ್ಲ. ಕಡಿವಾಣದ ಕಬ್ಬಿಣವನ್ನು ಸೋಪು ಹಾಕಿ, ಬಿಸಿನೀರಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸಿ, ಹರಿದಿದ್ದ ಪಟ್ಟಿಯ ಬದಲು ಬೇರೆ ಪಟ್ಟಿ ಕಟ್ಟಿಟ್ಟಳು. ಮನೆಯಲ್ಲಿ ಕೈಗೆ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ ತೊಳೆದು, ಮಜ್ಜಿಗೆಯಲ್ಲಿ ಅದ್ದಿಟ್ಟುಕೊಂಡು ಕೂತಳು. ಹೋಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ನಾಲಿಗೆಯನ್ನು ನಂಬುವಂತಿರಲಿಲ್ಲ, ಅದು ಬಾಲ್ಯದಿಂದ ಖಾರ ತಿಂದದ್ದು. ಕೊನೆಗೆ ಹೆಬ್ಬೆರಳನ್ನು ತನ್ನ ಕಣ್ಣಿನೊಳಗೇ ಒತ್ತಿಕೊಂಡಳು. ಬುಳುಬುಳು ನೀರು ಬಂತು. ಮತ್ತೆ ಎಣ್ಣೆ, ಮತ್ತೆ ಹಿಟ್ಟು, ಮತ್ತೆ ಮಜ್ಜಿಗೆ. ಡ್ಯೂಟಿಗೆ ಹೊರಟಿದ್ದ ಬಾಳೇಶ ಬಾಗಿಲಲ್ಲಿ ನಿಂತು, "ಯಾಕ ಅಳಾಕತ್ತಿ?" ಎಂದ.

"ಅಳವಲ್ಲೆ. ಕೈ ನೋಡಾಕತ್ತೇನಿ."

ಅವನು ಅರ್ಥವಾಗದೆ ಹೊರಟುಹೋದ.

ಭಾನುವಾರ ರೊಟ್ಟಿ ಬಡಿದು ಮುಗಿಸಿದ ಮೇಲೆ ಮತ್ತೆ ಕಣ್ಣು ಮುಟ್ಟಿಕೊಂಡಳು. ಉರಿಯಲಿಲ್ಲ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಮೇಲಿನ ಕಂಬಿ ಹಿಡಿಯಲು ಕೈ ಏಳದೆ, ಸೀಟಿನ ಬೆನ್ನಿಗೆ ಸೊಂಟ ಕೊಟ್ಟು ನಿಂತು ಬಂದಳು.

ಟೆಂಪೋ ಆಗಲೇ ಗೇಟಿನಲ್ಲಿತ್ತು. ಚನ್ನಮಲ್ಲಪ್ಪ ಎಲೆಅಡಿಕೆ ಜಗಿಯುತ್ತಾ, ಗೋಣಿಚೀಲದಿಂದ ತನ್ನ ಕಡಿವಾಣ ತೆಗೆದು ಮೇಷ್ಟ್ರಿಗೆ ತೋರಿಸುತ್ತಿದ್ದ.

"ಇದು ಬಾಯಿಗೆ ಬಿದ್ರೆ ಆನೆನೂ ಸೊಂಡಿಲು ಮಡಿಚ್ಕೊಂಡು ನಿಲ್ಲುತ್ತೆ ಸಾರ್. ನಿಮಗ್ಯಾಕೆ ಈ ತಾಪತ್ರಯ? ಏನಮ್ಮಾ, ಎಷ್ಟೊತ್ತು ಬೇಕು ನಿಮಗೆ? ಟೆಂಪೋ ಬಾಡಿಗೆದು."

"ಎಷ್ಟೊತ್ತು ಬೇಕಾಗತೈತೋ ಅಷ್ಟೊತ್ತು ಬೇಕ್ರಿ" ಎಂದಳು ಗುರುದೇವಿ.

ಜೀನು ಏರಿಸಲು ಮೇಷ್ಟ್ರೇ ಕೈಹಾಕಬೇಕಾಯಿತು, ಅವಳಿಂದ ಎತ್ತಲಾಗಲಿಲ್ಲ. ಹೊಟ್ಟೆಪಟ್ಟಿ ಅವಳೇ ಬಿಗಿದಳು, ಎಂದಿನಂತೆ ಒಂದು ತೂತು, ಒಂದು ಸುತ್ತು ನಡಿಗೆ, ಇನ್ನೊಂದು ತೂತು. ಆಮೇಲೆ ಕಡಿವಾಣ ಹಿಡಿದು ಕುದುರೆಯ ಎಡಮಗ್ಗುಲಿಗೆ ನಿಂತಳು. ಬೆಲ್ಲ ತಂದಿರಲಿಲ್ಲ. ಬೆಲ್ಲದ ಹಿಂದೆಯೇ ಉರಿ ಬರುತ್ತದೆಂದು ಅದು ಕಲಿತುಬಿಟ್ಟಿದೆಯಲ್ಲ.

ರೂಬವ್ವ ತಲೆಯನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಎತ್ತಿತು. ಬೇರೆ ದಿನವಾಗಿದ್ದರೆ ಅವಳೂ ಕೈಚಾಚಿ ಕಿವಿಯವರೆಗೆ ಹೋಗುತ್ತಿದ್ದಳು. ಇವತ್ತು ಭುಜ ಎದೆಯ ಮಟ್ಟಕ್ಕಿಂತ ಮೇಲೆ ಬರಲೊಲ್ಲದು. ಹಾಗಾಗಿ ಕಡಿವಾಣವನ್ನು ಹೊಟ್ಟೆಯ ಹತ್ತಿರ ಹಿಡಿದು ಸುಮ್ಮನೆ ನಿಂತಳು. ನಿಂತೇ ಇದ್ದಳು. ಬಿಸಿಲು ಅವಳ ನೆತ್ತಿಯಿಂದ ಹೆಗಲಿಗೆ ಇಳಿಯಿತು.

"ಪೂಜೆ ಮಾಡ್ತಾ ಇದಾರಾ ಸಾರ್?" ಎಂದ ಚನ್ನಮಲ್ಲಪ್ಪ. ಮೇಷ್ಟ್ರು ಕೈಸನ್ನೆ ಮಾಡಿ ಅವನ ಬಾಯಿ ಮುಚ್ಚಿಸಿದರು.

ಕತ್ತು ಎತ್ತಿ ಹಿಡಿದು ಕುದುರೆಗೂ ಸಾಕಾಯಿತೇನೋ. ತಲೆ ಚೂರು ಚೂರೇ ಕೆಳಗೆ ಬಂತು. ದೂರದಿಂದಲೇ ಅವಳ ಕೈ ಮೂಸಿತು. ಹಿಂದೆಗೆಯಿತು. ಮತ್ತೆ ಮೂಸಿತು. ಮೊಣಕೈಯ ಮಡಿಕೆಯಲ್ಲಿ, ಬೆರಳ ಸಂದಿಯಲ್ಲಿ ಜೋಳದ ಹಿಟ್ಟು ಒಣಗಿ ನಿಂತಿತ್ತು. ನಾಲಿಗೆ ಚಾಚಿ ಒಮ್ಮೆ ನೆಕ್ಕಿ, ಕಾದು ನೋಡಿತು. ಉರಿ ಬರಲೇ ಇಲ್ಲ. ಆಮೇಲೆ ಅಂಗೈಯಿಂದ ಮೊಣಕೈವರೆಗೆ, ಕರುವನ್ನು ನೆಕ್ಕುವ ಹಸುವಿನ ಹಾಗೆ, ಅಗಲ ನಾಲಿಗೆಯಲ್ಲಿ ಒರೆಸಿ ಒರೆಸಿ ನೆಕ್ಕಿತು. ಗುರುದೇವಿ ಹೆಬ್ಬೆರಳನ್ನು ತುಟಿಯ ಮೂಲೆಗೆ ತಂದಳು. ಬಾಯಿ ತೆರೆಯಿತು. ಕಬ್ಬಿಣ ಒಳಗೆ ಹೋಯಿತು. ಕುದುರೆ ಕಣ್ಣಗಲಿಸಿ, ಏನೋ ಬರುವುದಿದೆ ಎಂಬಂತೆ ಮೈಯೆಲ್ಲ ಬಿಗಿಹಿಡಿದು ನಿಂತಿತು. ಏನೂ ಬರಲಿಲ್ಲ. ನಾಲಿಗೆ ನಿಧಾನವಾಗಿ ಕಬ್ಬಿಣವನ್ನು ಹೊರಳಿಸತೊಡಗಿತು.

"ಇನ್ನೊಂಚೂರು ಬಗ್ಗವ್ವಾ, ಕೈ ಏಳವಲ್ದು" ಎಂದಳು. ಅದಕ್ಕೆ ಏನು ತಿಳಿಯಿತೋ, ಹಿಟ್ಟಿನ ಆಸೆಗೋ ಏನೋ, ತಲೆ ಅವಳ ಎದೆಯವರೆಗೆ ಇಳಿಯಿತು. ಕಿವಿಯ ಹಿಂದೆ ಪಟ್ಟಿ ಕೂತಿತು.

ಚನ್ನಮಲ್ಲಪ್ಪ ಎಲೆಅಡಿಕೆ ಉಗಿದು, ತನ್ನ ಕಬ್ಬಿಣವನ್ನು ಚೀಲಕ್ಕೆ ಹಾಕಿದ. "ಆಯ್ತು ಬಿಡಿ ಸಾರ್. ಟೆಂಪೋ ಡೀಸೆಲ್ ದಂಡ. ಮತ್ತೆ ಕೈಕೊಟ್ರೆ ಫೋನ್ ಮಾಡಿ."

ಟೆಂಪೋ ಹೋದಮೇಲೆ ಮೇಷ್ಟ್ರು ಹತ್ತಿರ ಬಂದರು. ಅವರ ಕಣ್ಣು ಇನ್ನೂ ಸ್ವಲ್ಪ ಕೆಂಪಗಿತ್ತು. "ಹಾಗಾದ್ರೆ ಮುಂದಿನ ಭಾನುವಾರ ಮಕ್ಕಳನ್ನ ಕೂರಿಸೋಣ್ವಾ?"

"ಇಲ್ರಿ ಸರ್. ಇವತ್ತು ಬಾಯಿ ಬಿಟ್ಟೈತಿ, ಅಷ್ಟ. ನಾಳಿ ಮತ್ತ ಕೇಳ್ತೇನಿ. ನಾಡದು ಮತ್ತ ಕೇಳ್ತೇನಿ. ನೀವು ಯಾರಿಗೂ ಫೋನ್ ಮಾತ್ರ ಮಾಡಬ್ಯಾಡ್ರಿ."

"ರೊಟ್ಟಿ ಕೆಲಸ ಎಷ್ಟು ದಿನ ಮಾಡ್ತೀಯಮ್ಮ ಈ ಕೈಯಲ್ಲಿ?"

ಗುರುದೇವಿ ಕಡಿವಾಣ ಬಿಚ್ಚತೊಡಗಿದಳು. ಹಾಕುವಾಗಿನಷ್ಟೇ ನಿಧಾನವಾಗಿ, ಹಲ್ಲಿಗೆ ತಾಗದಂತೆ, ಕುದುರೆ ತಾನಾಗಿ ಬಿಡುವವರೆಗೆ ಕಾದು ತೆಗೆದಳು. ಗೋಡೆಯ ಗೂಟ ಅವಳ ತಲೆಗಿಂತ ಎತ್ತರದಲ್ಲಿತ್ತು. ಒಮ್ಮೆ ಅದನ್ನು ನೋಡಿ, ಆಗುವುದಿಲ್ಲವೆಂದು ಬಿಟ್ಟು, ಬಕೆಟ್ ಬೋರಲು ಹಾಕಿ ಕೂತು, ಕಡಿವಾಣವನ್ನು ಮಡಿಲಲ್ಲಿಟ್ಟುಕೊಂಡಳು.

"ಸರ್, ಆ ಗೂಟ ಸ್ವಲ್ಪ ಕೆಳಗ ಹೊಡೀರಿ" ಎಂದ ಅವಳ ಮಾತು ಮೇಷ್ಟ್ರಿಗೆ ಅರ್ಧವೇ ಕೇಳಿಸಿತು. ಅವರು ಸುತ್ತಿಗೆ ಹುಡುಕಿ ತರುವಷ್ಟರಲ್ಲಿ ಗುರುದೇವಿ ಕೂತಲ್ಲೇ ನಿದ್ದೆ ಹೋಗಿದ್ದಳು. ರೂಬವ್ವ ಅವಳ ಇನ್ನೊಂದು ಮೊಣಕೈಯ ಹಿಟ್ಟು ಹುಡುಕುತ್ತಿತ್ತು.